ಜೂನಿಯರ್ ವಕೀಲೆಯ ಸಂಸಾರ

ರೈಲ್ವೆ ಜಂಕ್ಷನ್ ಇರುವ ಊರಿನಲ್ಲಿ ಸಂಸಾರ ಹೂಡಿದವರಿಗೆ ಗಡಿಯಾರವು ಗೋಡೆಯ ಅಲಂಕಾರಕ್ಕೆ ಬೇಕಾದೀತೇ ಹೊರತು ಹೊತ್ತು ತಿಳಿಯುವುದಕ್ಕೆ ಬೇಕಾಗಲಾರದು. ನಮ್ಮ ಬಂಗಾರಪೇಟೆಯ ಮನೆಗಳಲ್ಲಿ ಹಾಲು ಕಾಯಿಸುವುದು ಒಂದು ರೈಲಿನ ಸದ್ದಿಗೆ, ಮಕ್ಕಳನ್ನು ಎಬ್ಬಿಸುವುದು ಇನ್ನೊಂದರ ಸದ್ದಿಗೆ, ಬಾಗಿಲಿಗೆ ಅಗುಳಿ ಹಾಕುವುದು ಮತ್ತೊಂದರ ಸದ್ದಿಗೆ; ರೈಲು ತಡವಾದ ದಿನ ಊರಿಗೆ ಊರೇ ತಡವಾಗಿ ಉಣ್ಣುತ್ತದೆ ಎಂದರೆ ಅದು ಅತಿಶಯೋಕ್ತಿಯಾದರೂ ಪೂರ್ತಿ ಸುಳ್ಳಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ ರೈಲು ಬಂದಾಗ ದಾರಿಯ ನಡುವಣ ಒಂದು ನಿಲುಗಡೆಯಾಗಿದ್ದ ಈ ಸ್ಥಳವು, 1894ರಲ್ಲಿ ಮಾರಿಕುಪ್ಪದ ಕಡೆಗೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಕವಲುದಾರಿ ಹೊರಟ ಮೇಲೆ ಜಂಕ್ಷನ್ ಎನಿಸಿಕೊಂಡು, 1913ರಲ್ಲಿ ಕೋಲಾರಕ್ಕೆ ಪುಟ್ಟ ಹಳಿಯ ರೈಲು ಓಡತೊಡಗುವ ಹೊತ್ತಿಗೆ ಎಲ್ಲ ದಿಕ್ಕಿನವರೂ ಇಳಿದು ಹತ್ತುವ ಪಟ್ಟಣವಾಗಿತ್ತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಸಾಹೇಬರ ಹೆಸರು ಹೊತ್ತ, ಈ ಊರಿನ ಹಳೆಯ ಹೆಸರಾದ 'ಬೌರಿಂಗ್‌ಪೇಟೆ' ಎಂಬ ಒಕ್ಕಣೆಯನ್ನು ಹಳೆಯ ಕ್ರಯಪತ್ರಗಳಲ್ಲಿ ನಾನು ಈಗಲೂ ಓದುತ್ತಿರುತ್ತೇನೆ. ಹಳೆಯ ಪತ್ರಗಳನ್ನು ಓದುವುದು ನನ್ನ ಕಸುಬು. ಆ ಕಸುಬು ನನಗೆ ಹೊಸದು.

ಗಣಿಯ ಕವಲುದಾರಿಯಲ್ಲಿ ಮೊದಲು ಹೊರಗಿನವರು ಇಲ್ಲಿಗೆ ಬರುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಗಣಿಗಾರಿಕೆಗೆ ಕೈಹಾಕಿದಂದಿನಿಂದ ಉತ್ತರ ಆರ್ಕಾಟಿನ ಕಡೆಯ ತಮಿಳರು, ಚಿತ್ತೂರಿನ ಕಡೆಯ ತೆಲುಗರು, ಸುತ್ತಣ ಹಳ್ಳಿಗಳ ಕನ್ನಡಿಗರು ಹೊಟ್ಟೆಯ ಪಾಡಿಗಾಗಿ ಬಂದು ನೆಲೆಸಿದರು. ನಮ್ಮ ಜಿಲ್ಲೆಯ ಮುಳಬಾಗಿಲಿನವರಾದ ಡಿ.ವಿ. ಗುಂಡಪ್ಪನವರು ಕೂಡ ಎಳೆಯ ವಯಸ್ಸಿನಲ್ಲಿ ಜೀವನೋಪಾಯವನ್ನರಸಿ ಈ ಚಿನ್ನದ ಗಣಿಯ ಪ್ರದೇಶದ ಸೋಡಾ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರೇ. ಒಂದು ಕಾಲಕ್ಕೆ ಹೀಗೆ ಎಲ್ಲರನ್ನೂ ತನ್ನೆಡೆಗೆ ಸೆಳೆದುಕೊಂಡ ಊರು, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ತರುವಾಯ ತನ್ನವರನ್ನೇ ಪ್ರತಿದಿನ ಬೆಳಿಗ್ಗೆ ಹೊರಕ್ಕೆ ಕಳುಹಿಸತೊಡಗಿತು. ಹಳಿ ಅದೇ, ಜನ ಹೋಗುವ ದಿಕ್ಕು ಮಾತ್ರ ತಿರುಗಿತು. ಇನ್ನೂ ಕತ್ತಲಿರುವಾಗಲೇ ಮಾರಿಕುಪ್ಪದಲ್ಲಿ ಹತ್ತಿದವರು ಚಾಂಪಿಯನ್, ಉರಿಗಾಂ, ಕೋರಮಂಡಲಗಳಲ್ಲಿ ಹತ್ತಿದವರೊಡನೆ ಬಂಗಾರಪೇಟೆಯನ್ನು ಸೇರುವಷ್ಟರಲ್ಲಿ ಗಾಡಿಯಲ್ಲಿ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ. ಬಂಗಾರಪೇಟೆಯವಳಾದ ನಾನು ನಿಂತೇ ಹೋಗತಕ್ಕವಳು.

ಮೂವತ್ತು ದಾಟಿದ ಮೇಲೆ, ಎರಡು ಮಕ್ಕಳ ತಾಯಿಯಾದ ಮೇಲೆ, ಒಂದು ಶಾಲೆಯ ಉಪಾಧ್ಯಾಯಿನಿಯಾಗಿ ನೆಮ್ಮದಿಯಿಂದಿದ್ದವಳು ವಕೀಲಿ ವೃತ್ತಿಗೆ ಏಕೆ ಇಳಿಯಬೇಕಾಗಿತ್ತು ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕೊಡುವ ಉತ್ತರ ಆಯಾ ದಿನದ ದಣಿವನ್ನು ಅನುಸರಿಸಿ ಬದಲಾಗುತ್ತದೆ. ಕೆಜಿಎಫ್‌ನ ಕೆಂಗಲ್ ಹನುಮಂತಯ್ಯ ಕಾನೂನು ಕಾಲೇಜಿನಲ್ಲಿ ಓದು ಮುಗಿಸಿದಾಗ ಮಗಳಿಗೆ ನಾಲ್ಕು ವರ್ಷ, ಮಗ ಹೊಟ್ಟೆಯಲ್ಲಿದ್ದ. ಸನ್ನದು ಕೈಗೆ ಬಂದ ಮೇಲೆ ಬಂಧುವರ್ಗದವರು ಎರಡು ಪಕ್ಷಗಳಾಗಿ ಒಡೆದರು. ಇಲ್ಲಿಯೇ ಬಂಗಾರಪೇಟೆಯಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಕೋರ್ಟಿಗೆ ಹೋಗಿಬರುತ್ತ ಮನೆ ನೋಡಿಕೊಳ್ಳಲಿ ಎಂದಿತು ಒಂದು ಪಕ್ಷ. ಕೋರ್ಟಿಗೇ ಹೋಗದಿದ್ದರೆ ಮನೆಯನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದಲ್ಲ ಎಂದಿತು ಇನ್ನೊಂದು. ಬೆಂಗಳೂರಿನಲ್ಲಿ ಹೆಸರಾದ ಒಬ್ಬ ಹಿರಿಯ ವಕೀಲರು ತಮ್ಮ ಚೇಂಬರಿಗೆ ಸೇರಿಸಿಕೊಳ್ಳಲು ಒಪ್ಪಿದ್ದರು. ಈ ಕೆಲಸವನ್ನು ಪುಸ್ತಕದಿಂದ ಕಲಿಯಲಾಗದು, ಒಬ್ಬರ ಬೆನ್ನ ಹಿಂದೆ ಫೈಲು ಹೊತ್ತು ನಿಂತೇ ಕಲಿಯಬೇಕು ಎಂಬುದು ನನಗೆ ತಿಳಿದಿತ್ತು. ವಾದ ಪ್ರತಿವಾದಗಳೆಲ್ಲ ಮುಗಿದ ಮೇಲೆ ಅದುವರೆಗೆ ಅವರೆಕಾಯಿ ಸುಲಿಯುತ್ತ ಮೌನವಾಗಿದ್ದ ನಮ್ಮ ಅತ್ತೆಯವರು, "ಹೋಗಮ್ಮ ನೀನು. ಮಕ್ಕಳು ನನ್ನ ಹತ್ರ ಇರ್ತಾವೆ. ಅಷ್ಟು ಓದಿ ಅದನ್ನ ಪೆಟ್ಟಿಗೇಲಿಟ್ಟು ಬೀಗ ಹಾಕ್ತಾರಾ ಯಾರಾದ್ರೂ?" ಎಂದರು. ಆ ತೀರ್ಪಿನ ಮೇಲೆ ಯಾರೂ ಅಪೀಲು ಹೋಗಲಿಲ್ಲ.

ಹೆಂಗಸರು ವಕೀಲರಾಗುವುದಕ್ಕೆ ಈ ದೇಶದಲ್ಲಿ ಕಾಯಿದೆಯ ಅಡ್ಡಿ ನಿವಾರಣೆಯಾದದ್ದು 1923ರಲ್ಲಿ. ಅದಕ್ಕೂ ಮೂರು ದಶಕಗಳ ಹಿಂದೆಯೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತು ಬಂದಿದ್ದ ಕರ್ನೇಲಿಯಾ ಸೊರಾಬ್ಜಿಯವರು ಆ ದಿನಕ್ಕಾಗಿ ಕಾದು ಕಾದು ಕೂದಲು ನರೆಸಿಕೊಂಡರು. ಆ ಮಹನೀಯೆಯ ವಿಷಯದಲ್ಲಿ ನನಗೆ ಅಪಾರ ಗೌರವವಿದೆ. ಆದರೆ ಅವರು ಅವಿವಾಹಿತರಾಗಿಯೇ ಉಳಿದವರಾದ್ದರಿಂದ, ಎರಡೂವರೆ ವರ್ಷದ ಮಗು ಸೆರಗು ಹಿಡಿದು ನಿಂತಿರುವಾಗ ಬೆಳಗಿನ ರೈಲನ್ನು ಹಿಡಿಯುವುದು ಹೇಗೆಂಬ ಪ್ರಶ್ನೆಗೆ ಅವರ ಜೀವನದಿಂದ ನನಗೆ ನೆರವು ದೊರೆಯಲಿಲ್ಲ. ಕಾಯಿದೆ ಬಾಗಿಲನ್ನು ತೆರೆಯಿತು ನಿಜ. ಆ ಬಾಗಿಲಿನ ತನಕ ನಡೆಯುವುದು ಹೇಗೆಂಬುದನ್ನು ಮಾತ್ರ ಅವರವರ ಮನೆಗೇ ಬಿಟ್ಟಿತು.

ಜೂನಿಯರ್ ವಕೀಲರ ಬಾಳನ್ನು ಬಲ್ಲವರು ಬಲ್ಲರು. ಬೆಳಿಗ್ಗೆ ಕಾಸ್ ಲಿಸ್ಟ್ ನೋಡಿ ಯಾವ ಹಾಲಿನಲ್ಲಿ ಯಾವ ಕೇಸು ಎಷ್ಟನೆಯದು ಎಂದು ಗುರುತು ಮಾಡಿಕೊಳ್ಳುವುದು. ಸೀನಿಯರ್ ಒಂದು ಹಾಲಿನಲ್ಲಿ ವಾದಿಸುತ್ತಿರುವಾಗ ಇನ್ನೊಂದು ಹಾಲಿನಲ್ಲಿ ಎದ್ದು ನಿಂತು, ಸ್ವಲ್ಪ ಹೊತ್ತು ಕಾಯಬೇಕೆಂದು ವಿನಯದಿಂದ ಬಿನ್ನವಿಸಿಕೊಳ್ಳುವುದು. ಮೈಸೂರು ಬ್ಯಾಂಕ್ ವೃತ್ತದ ಬಳಿಯ ಸಿವಿಲ್ ಕೋರ್ಟಿನಿಂದ ಹೈಕೋರ್ಟು ಇರುವ ಅಠಾರಾ ಕಚೇರಿಯ ಕೆಂಪು ಕಟ್ಟಡಕ್ಕೆ ಕರಿಯ ಕೋಟಿನಲ್ಲಿ ಬೆವರುತ್ತ ಓಡುವುದು. ಕೋರ್ಟು ಮುಗಿದ ಮೇಲೆ ಚೇಂಬರಿಗೆ ಬಂದು ಕಕ್ಷಿಗಾರರ ಕಥೆಯನ್ನು ಕೇಳಿ ಬರೆದುಕೊಳ್ಳುವುದು. ಮೊದಮೊದಲು ತಿಂಗಳ ಕೊನೆಗೆ ಕೈಗೆ ಬರುತ್ತಿದ್ದ ಹಣ, ರೈಲಿನ ಪಾಸು, ಆಟೋ, ಕಾಫಿಗಳನ್ನು ಕಳೆದರೆ ಮಕ್ಕಳಿಗೆ ಒಂದು ಪೊಟ್ಟಣ ಮಿಠಾಯಿಗೆ ಸಾಲುತ್ತಿತ್ತು. ಇಷ್ಟರ ಮೇಲೆ ವಿನೋದವೊಂದಿದೆ. 1961ರ ಹೆರಿಗೆ ಸೌಲಭ್ಯದ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಇಪ್ಪತ್ತಾರು ವಾರಗಳ ರಜೆಯೂ, ಐವತ್ತು ಮಂದಿಗೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವೂ ಕಡ್ಡಾಯವಾದವಷ್ಟೆ. ಆ ಕಾಯಿದೆಯ ಅಡಿಯಲ್ಲಿ ಬಾಣಂತಿಯೊಬ್ಬಳಿಗೆ ರಜೆಯ ಸಂಬಳ ಕೊಡಿಸುವ ಅರ್ಜಿಯನ್ನು ನಾನು ಎರಡು ರಾತ್ರಿ ಕುಳಿತು ಸಿದ್ಧಪಡಿಸಿದ್ದೇನೆ. ಆದರೆ ವಕೀಲರು ಯಾರ ನೌಕರರೂ ಅಲ್ಲ. ಆದುದರಿಂದ ಆ ಕಾಯಿದೆಯ ಒಂದಕ್ಷರವೂ ನನಗೆ ಅನ್ವಯಿಸತಕ್ಕದ್ದಾಗಿರಲಿಲ್ಲ.

ಮನೆಯನ್ನು ಬಿಡುವ ಹೊತ್ತಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಕ್ಕಳು ಮಲಗಿರುವಾಗಲೇ ಸದ್ದಿಲ್ಲದೆ ಹೊರಡುವುದು ಮೇಲೋ, ಎಬ್ಬಿಸಿ ಹೇಳಿ ಹೊರಡುವುದು ಮೇಲೋ ಎಂಬ ವಿಷಯದಲ್ಲಿ ನಮ್ಮ ರೈಲಿನ ಲೇಡೀಸ್ ಬೋಗಿಯಲ್ಲಿ ಎರಡು ಸಂಪ್ರದಾಯಗಳಿವೆ, ಮತ್ತು ಎರಡಕ್ಕೂ ದ್ವೈತ ಅದ್ವೈತಗಳಿಗಿರುವಷ್ಟೇ ನಿಷ್ಠಾವಂತ ಅನುಯಾಯಿಗಳಿದ್ದಾರೆ. ಹೇಳದೆ ಹೋದರೆ ಮಗು ಎದ್ದು ಮನೆಯಲ್ಲೆಲ್ಲ ಹುಡುಕುತ್ತದೆ. ಹೇಳಿ ಹೋದರೆ ಬೀದಿಯವರೆಲ್ಲ ಏಳುವಂತೆ ಅಳುತ್ತದೆ. ಹುಡುಕುವ ಮಗು ತಾಯಿಯ ಕಣ್ಣಿಗೆ ಬೀಳುವುದಿಲ್ಲ, ಅಳುವ ಮಗು ಬೀಳುತ್ತದೆ ಎಂಬುದಷ್ಟೇ ಇವೆರಡಕ್ಕೂ ಇರುವ ವ್ಯತ್ಯಾಸವೆಂದು ನನಗೆ ತೋರುತ್ತದೆ. ಹೇಳದೆ ಹೋಗುವುದು ಮಗುವಿನ ಮೇಲಿನ ಕರುಣೆಯಿಂದಲ್ಲ, ತಾಯಿಯ ಅನುಕೂಲಕ್ಕಾಗಿ. ಆದುದರಿಂದ ನಾನು ಹೇಳಿ ಹೋಗುವ ಪಂಥದವಳು. ಮಗನು ಕಣ್ಣು ಮುಚ್ಚಿಕೊಂಡೇ ನನ್ನ ಕೊರಳ ಬಿಳಿಯ ಪಟ್ಟಿಯನ್ನು ಹಿಡಿದೆಳೆಯುತ್ತಾನೆ. ಎಷ್ಟೋ ದಿನ ಮಾನ್ಯ ನ್ಯಾಯಾಲಯದ ಮುಂದೆ ಸುಕ್ಕುಗಟ್ಟಿದ ಪಟ್ಟಿಯೊಡನೆಯೇ ನಿಂತಿದ್ದೇನೆ. ಮಗಳಿಗೆ ಈಗ ಆರು ತುಂಬಿದೆ. ಅವಳು ಅಳುವುದಿಲ್ಲ, ಲೆಕ್ಕ ಇಡುತ್ತಾಳೆ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆಂದು ನಾನು ಕೊಟ್ಟ ಮಾತು ಭಾನುವಾರದಿಂದ ಭಾನುವಾರಕ್ಕೆ ಮುಂದೆ ಹೋಗುತ್ತಿರುವುದನ್ನು ಕಂಡು, ಮನೆಯಲ್ಲಿ ಕಿವಿಗೆ ಬಿದ್ದ ಭಾಷೆಯಲ್ಲಿಯೇ, "ಅಮ್ಮಾ, ಇದು ಕೊನೇ ವಾಯಿದೆ. ಮುಂದಿನ ಸಾರಿ ಕೊಡಲ್ಲ" ಎಂದು ಆಜ್ಞೆ ಮಾಡಿದಳು. ಇಷ್ಟು ಖಂಡಿತವಾದ ಆಜ್ಞೆಯನ್ನು ಯಾವ ನ್ಯಾಯಾಧೀಶರ ಬಾಯಿಂದಲೂ ನಾನು ಕೇಳಿದ್ದಿಲ್ಲ. ಹೋಗಿ ಬಂದೆವೆಂದು ಬೇರೆ ಹೇಳಬೇಕಾಗಿಲ್ಲ.

ಲೇಡೀಸ್ ಬೋಗಿಯ ಮಾತೆತ್ತಿದೆನಾದ್ದರಿಂದ ಅದರ ವಿಷಯ ನಾಲ್ಕು ಮಾತು. ಟೇಕಲ್ ದಾಟುವವರೆಗೆ ಅಲ್ಲಿ ಯಾರೂ ಮಾತನಾಡುವುದಿಲ್ಲ; ನಿಂತವರೂ ಕುಳಿತವರೂ ನಿದ್ರೆಯ ಬಾಕಿಯನ್ನು ತೀರಿಸುತ್ತಿರುತ್ತಾರೆ. ಮಾಲೂರಿನಲ್ಲಿ ಇನ್ನಷ್ಟು ಜನ ನುಗ್ಗಿದಾಗ ಎಚ್ಚರವಾಗಿ, ವೈಟ್‌ಫೀಲ್ಡ್ ಬರುವಷ್ಟರಲ್ಲಿ ಯಾರ ಮಗುವಿಗೆ ಹಲ್ಲು ಬಂದಿತು, ಯಾರ ಅತ್ತೆಗೆ ಮಂಡಿನೋವು ಹೆಚ್ಚಾಯಿತು ಎಂಬ ವರ್ತಮಾನಗಳೆಲ್ಲ ವಿನಿಮಯವಾಗಿರುತ್ತವೆ. ದಾದಿಯರಿದ್ದಾರೆ, ಗಾರ್ಮೆಂಟ್ಸ್ ಕೆಲಸದವರಿದ್ದಾರೆ, ಅಂಗಡಿಯಲ್ಲಿ ಸೀರೆ ಮಡಿಸುವವರಿದ್ದಾರೆ, ಕಂಪ್ಯೂಟರಿನವರಿದ್ದಾರೆ. ಕೆಲವರು ಕೃಷ್ಣರಾಜಪುರದಲ್ಲಿ, ಹೆಚ್ಚಿನವರು ದಂಡಿನಲ್ಲಿ ಇಳಿಯುತ್ತಾರೆ. ಅವರೆಕಾಯಿಯ ಕಾಲದಲ್ಲಿ ಸಂಜೆಯ ಗಾಡಿಯನ್ನು ನೋಡಬೇಕು. ದಂಡಿನಲ್ಲಿ ಚೀಲ ಬಿಚ್ಚಿದವರು ಬಂಗಾರಪೇಟೆ ಬರುವಷ್ಟರಲ್ಲಿ ಕಾಯಿ ಸುಲಿದು ಮುಗಿಸಿ, ಮನೆಗೆ ಹೋಗಿ ನೀರಿನಲ್ಲಿ ನೆನೆಹಾಕುವುದೊಂದೇ ಬಾಕಿ ಎಂಬಷ್ಟು ಸಿದ್ಧವಾಗಿರುತ್ತಾರೆ. ಸಿಪ್ಪೆಗೂ ಒಂದು ಚೀಲ ಬೇರೆ ಇರುತ್ತದೆ. ಎದುರು ಮನೆಯವರ ಹಸುವಿಗೆ. ಸುಮಾರು ಎಪ್ಪತ್ತು ಕಿಲೋಮೀಟರುಗಳ ಹಾದಿಯಲ್ಲಿ ಒಂದು ನಿಮಿಷವೂ ವ್ಯರ್ಥವಾಗಕೂಡದೆಂಬ ಈ ಹಟವನ್ನು ಕಂಡಾಗಲೆಲ್ಲ, ಈ ಹೆಂಗಸರು ದೇಶದ ಆಯವ್ಯಯ ಪಟ್ಟಿಯನ್ನು ತಯಾರಿಸುವಂತಾಗಬೇಕೆಂದು ನನಗೆ ಅನ್ನಿಸುತ್ತದೆ.

ಅತ್ತೆಯವರು ನನ್ನ ಮೇಲೆ ಅಷ್ಟು ಸುಲಭವಾಗಿ ದಯೆ ತೋರಿದ್ದೇಕೆಂಬುದು ನನಗೆ ಬಹುಕಾಲ ಅರ್ಥವಾಗಿರಲಿಲ್ಲ. ನಮ್ಮ ಮಾವನವರು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಪಾಳಿ ಕೆಲಸ. ಮದುವೆಯಾಗಿ ಚಾಂಪಿಯನ್ ರೀಫ್ಸಿನ ಸಾಲುಮನೆಗೆ ಬಂದ ಅತ್ತೆಯವರಿಗೆ ಮೊಟ್ಟಮೊದಲು ಕಲಿಸಲ್ಪಟ್ಟ ಪಾಠವೆಂದರೆ ಸದ್ದು ಮಾಡದಿರುವುದು. ಆ ಸಾಲಿನಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಒಂದಲ್ಲ ಒಂದು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನೊಬ್ಬ ಹಗಲು ಮಲಗಿರುತ್ತಿದ್ದ. ಅವನ ನಿದ್ರೆ ಕೆಡದಂತೆ ಇಡೀ ಸಾಲಿನ ಮಕ್ಕಳನ್ನು ಕಟ್ಟಿಕೊಂಡು ಹೆಂಗಸರು ದೂರದ ಬೇವಿನ ಮರದಡಿ ಕುಳಿತಿರುತ್ತಿದ್ದರಂತೆ. ಅಕ್ಕಿ ಆರಿಸುವುದು ಅಲ್ಲಿ, ಹೇನು ನೋಡುವುದು ಅಲ್ಲಿ, ಹಾಲೂಡಿಸುವುದು ಅಲ್ಲಿ. ಪಾಳಿಯ ಸೈರನ್ ಕೂಗಿದೊಡನೆ ಒಂದು ಗುಂಪು ಎದ್ದು ಹೋಗಿ ಒಲೆ ಹಚ್ಚುತ್ತಿತ್ತು, ಇನ್ನೊಂದು ಬಂದು ಕುಳಿತುಕೊಳ್ಳುತ್ತಿತ್ತು. ಪಾಳಿಗೆ ಹೋಗುತ್ತಿದ್ದವರು ಗಂಡಸರೆಂದು ಕಂಪನಿಯ ಪುಸ್ತಕದಲ್ಲಿ ಬರೆದಿರಬಹುದು. ಅತ್ತೆಯವರ ಮಾತಿನ ಪ್ರಕಾರ ಮನೆಮಂದಿಯೆಲ್ಲ ಪಾಳಿಯಲ್ಲಿದ್ದರು.

ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯು ತನ್ನ ಮೇಲಣ ಭಾರವನ್ನು ತಾಳಲಾರದೆ ಒಮ್ಮೊಮ್ಮೆ ತಾನಾಗಿಯೇ ಸಿಡಿಯುತ್ತದೆ. ಅದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ಹಾಗೆ ಸಿಡಿದಾಗ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು, ಮತ್ತು ಪಾತ್ರೆ ಅಲುಗಾಡಿದೊಡನೆ ಹೆಂಗಸರು ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡು ಶಾಫ್ಟಿನ ಬಾಯಿಯ ಕಡೆಗೆ ನಡೆಯುತ್ತಿದ್ದರು. ಇದನ್ನು ಹೇಳುವಾಗ ಅತ್ತೆಯವರು ದನಿ ಎತ್ತುವುದಿಲ್ಲ. ಮೊಮ್ಮಗನ ತಟ್ಟೆಯಲ್ಲಿ ರಾಗಿಮುದ್ದೆಯನ್ನು ಬಟಾಣಿಯಷ್ಟು ಬಟಾಣಿಯಷ್ಟು ಮುರಿಯುತ್ತ, ನಡುವೆ "ನುಂಗು, ನುಂಗು" ಎನ್ನುತ್ತ ಹೇಳುತ್ತಾರೆ. ಮಾವನವರು ಮೇಲೆ, ಟೈಮ್ ಆಫೀಸಿನಲ್ಲಿ, ಇಳಿದವರ ಸಂಖ್ಯೆಯನ್ನೂ ಹತ್ತಿದವರ ಸಂಖ್ಯೆಯನ್ನೂ ತಾಳೆ ನೋಡುತ್ತಿದ್ದರು. ಆ ಲೆಕ್ಕ ಸರಿಹೋಗದ ರಾತ್ರಿಗಳಲ್ಲಿ ಅವರು ಮನೆಗೆ ಬಂದರೂ ಊಟ ಮಾಡುತ್ತಿರಲಿಲ್ಲವಂತೆ.

ಹಾಗೆಂದು ಹಳೆಯ ಕಾಲವನ್ನು ಹೊಗಳುವ ಉದ್ದೇಶ ನನ್ನದಲ್ಲ. ಧೂಳಿನಿಂದ ಶ್ವಾಸಕೋಶವನ್ನು ಕಳೆದುಕೊಂಡವರೂ, ಮೇಲಕ್ಕೆ ಬಾರದೆಯೇ ಹೋದವರೂ ಆ ಕಾಲದವರೇ. ಆದರೆ ಒಂದು ವ್ಯತ್ಯಾಸವನ್ನು ಮಾತ್ರ ಹೇಳದಿರಲಾರೆನು. ಗಣಿಗೆ ಇಳಿದ ತಂದೆಯು ಮಕ್ಕಳಿಂದ ದೂರವಾಗುತ್ತಿದ್ದುದು ಮೂರು ಕಿಲೋಮೀಟರು, ಅದೂ ನೆಟ್ಟಗೆ ಕೆಳಕ್ಕೆ. ಪಾಳಿ ಮುಗಿದು ಪಂಜರದಂತಹ ಲಿಫ್ಟಿನಲ್ಲಿ ಮೇಲೆ ಬಂದನೆಂದರೆ ನಡೆದು ಮನೆ ಸೇರುತ್ತಿದ್ದನು, ಮತ್ತು ಮೂರು ವಾರಕ್ಕೊಮ್ಮೆಯಾದರೂ ಹಗಲು ಬೆಳಕಿನಲ್ಲಿ ಮಕ್ಕಳ ಮುಖವನ್ನು ನೋಡುತ್ತಿದ್ದನು. ಇಂದು ಕೆಜಿಎಫ್‌ನಿಂದ ಬೆಂಗಳೂರಿಗೆ ಹೋಗಿಬರುವ ಎಷ್ಟೋ ತಂದೆತಾಯಿಗಳಿಗೆ ವಾರದ ಆರು ದಿನವೂ ಮಕ್ಕಳು ಮಲಗಿರುವಂತೆಯೇ ಕಾಣುತ್ತಾರೆ. ಮಗು ಉದ್ದವಾಗಿರುವುದು ನಮಗೆ ತಿಳಿಯುವುದು ಹಾಸಿಗೆಯ ಮೇಲೆ.

ಇದೇ ಗಣಿಯೊಳಕ್ಕೆ ಚಿನ್ನಕ್ಕಾಗಿಯಲ್ಲದೆ ಇಳಿದ ಮಹನೀಯರೂ ಇದ್ದರು. ಕನ್ನಡನಾಡಿನವರೇ ಆದ ಬಿ.ವಿ. ಶ್ರೀಕಂಠನ್ ಅವರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ವಿಶ್ವಕಿರಣಗಳನ್ನು ಅಳೆಯುವುದಕ್ಕಾಗಿ ಉಪಕರಣಗಳನ್ನು ಹೊತ್ತು ಇಲ್ಲಿಯ ಆಳಕ್ಕೆ ಇಳಿದರು; 1965ರಲ್ಲಿ ಚಾಂಪಿಯನ್ ರೀಫಿನ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿ ಇಡೀ ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೋ ಎಂಬ ಕಣದ ಜಾಡು ಸಿಕ್ಕಿತು. ನಮ್ಮ ಯಜಮಾನರು ಇದನ್ನು ಮಗಳಿಗೆ ವಿವರಿಸುತ್ತಿದ್ದಾಗ ಅವಳು, "ಆಗ ಅವರ ಮಕ್ಕಳನ್ನ ಯಾರು ನೋಡ್ಕೋತಿದ್ರು?" ಎಂದು ಕೇಳಿದಳು. ವೈಜ್ಞಾನಿಕ ಪ್ರಬಂಧಗಳಲ್ಲಿ ಅಂತಹ ವಿಷಯಕ್ಕೆ ಸ್ಥಳವಿಲ್ಲ. ಇರಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಯಜಮಾನರ ಪ್ರಸ್ತಾಪ ಬಂದುದರಿಂದ ಅವರ ವಿಷಯವನ್ನೂ ಹೇಳಿಬಿಡುವುದು ನ್ಯಾಯ. ಗಣಿಯ ಭಾಗ್ಯ ಇಳಿಮುಖವಾಗುತ್ತಿದ್ದ ಕಾಲದಲ್ಲಿ ಕೆಜಿಎಫ್‌ಗೆ ಬಂದ ಬೆಮೆಲ್ ಕಾರ್ಖಾನೆಯಲ್ಲಿ ಅವರು ಕೆಲಸದಲ್ಲಿದ್ದಾರೆ, ಅವರಿಗೂ ಪಾಳಿಯುಂಟು. ನನ್ನ ರೈಲೂ ಅವರ ಪಾಳಿಯೂ ಒಂದನ್ನೊಂದು ತಪ್ಪಿಸಿಕೊಳ್ಳುವ ವಾರಗಳಲ್ಲಿ ನಾವಿಬ್ಬರು ಮಾತನಾಡುವುದು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವ ಚೀಟಿಗಳ ಮೂಲಕ. 'ಗ್ಯಾಸ್ ಬಂತು', 'ಪುಟ್ಟನಿಗೆ ಲಸಿಕೆ ಗುರುವಾರ', 'ರೀ, ಮೊಸರಿಗೆ ಹೆಪ್ಪು ಹಾಕಿ' ಎಂಬಿವೇ ನಮ್ಮ ಪ್ರೇಮಪತ್ರಗಳು. ಮಗಳಿಗೆ ಎರಡು ಜಡೆ ಹೆಣೆಯುವುದನ್ನು ಅವರು ಕಲಿತಿದ್ದಾರೆ. ಒಂದು ಎತ್ತರ, ಒಂದು ತಗ್ಗು ಆದರೂ ಬಿಚ್ಚುವುದಿಲ್ಲ. ಇದಕ್ಕಾಗಿ ಬೀದಿಯವರಿಂದ ಅವರಿಗೆ ಸಲ್ಲುವ ಪ್ರಶಂಸೆಗೆ ಮಿತಿಯಿಲ್ಲ. "ಎಂಥಾ ಅಪ್ಪ ನೋಡಿ!" ಎನ್ನುತ್ತಾರೆ. ಅದೇ ತಲೆಗೆ ವರ್ಷಗಟ್ಟಲೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದ ಅತ್ತೆಯವರನ್ನು ಕುರಿತು ಎಂಥಾ ಅಜ್ಜಿ ಎಂದು ಯಾರೂ ಉದ್ಗರಿಸಿದ್ದನ್ನು ನಾನು ಕೇಳಿಲ್ಲ. ಗಂಡಸರಿಗೆ ಮನೆಗೆಲಸದಲ್ಲಿ ಕೀರ್ತಿ ಬಹಳ ಅಗ್ಗದಲ್ಲಿ ದೊರೆಯುತ್ತದೆ; ಈ ಮಾತನ್ನು ಅವರೂ ಒಪ್ಪುತ್ತಾರೆ, ನಗುತ್ತ.

ಅತ್ತೆಯವರಿಗೆ ಮಂಡಿನೋವು ಹೆಚ್ಚಾದ ದಿನಗಳಲ್ಲಿ ಮಕ್ಕಳು ಪಕ್ಕದ ಮನೆಯ ತಮಿಳಜ್ಜಿ, ಪಾಟಿಯ ವಶ. ಅವರೂ ಗಣಿಯ ಕಡೆಯಿಂದಲೇ ಬಂದವರು. ಅವರ ಕನ್ನಡವೂ ನಮ್ಮ ಅತ್ತೆಯವರ ತಮಿಳೂ ಒಂದೇ ದರ್ಜೆಯವಾದ್ದರಿಂದ ಇಬ್ಬರ ನಡುವೆ ತೆಲುಗು ಸಂಧಿವಿಗ್ರಹ ಮಾಡುತ್ತದೆ. ಈ ಮೂರರ ನಡುವೆ ಬೆಳೆದ ನನ್ನ ಮಗನು ಹಸಿವಾದರೆ ಕನ್ನಡದಲ್ಲಿ, ಸಿಟ್ಟು ಬಂದರೆ ತೆಲುಗಿನಲ್ಲಿ, ನಿದ್ರೆ ಬಂದರೆ ತಮಿಳಿನಲ್ಲಿ ಮಾತನಾಡುತ್ತಾನೆ. ನಿದ್ರೆಯ ಭಾಷೆ ನನ್ನದಾಗಿಲ್ಲವೆಂಬುದು ಒಂದೊಂದು ರಾತ್ರಿ ಮನಸ್ಸಿಗೆ ಚುಚ್ಚುತ್ತದೆ. ಆದರೆ ಜೋಗುಳ ಹಾಡಿದವರಿಗೆ ತಾನೆ ನಿದ್ರೆಯ ಮೇಲೆ ಹಕ್ಕು? ಅನುಭೋಗದಿಂದ ಹಕ್ಕು ಹುಟ್ಟುತ್ತದೆಂದು ನಾನೇ ಕಕ್ಷಿಗಾರರಿಗೆ ವಿವರಿಸುತ್ತಿರುತ್ತೇನೆ.

ಭಾನುವಾರವೆಂದರೆ ತಾಯಿಯ ದಿನವೆಂದು ಹೊರಗಿನವರು ಭಾವಿಸುತ್ತಾರೆ. ನಿಜವಾಗಿ ಅದು ತಾಯಿಗೆ ತನ್ನ ಮನೆಯಲ್ಲಿಯೇ ಅತಿಥಿಯಾಗುವ ದಿನ. ಆರು ದಿನ ಮನೆಯು ನಾನಿಲ್ಲದೆ ತನ್ನದೇ ಆದ ವಿಧಿನಿಯಮಗಳನ್ನು ಕಟ್ಟಿಕೊಂಡಿರುತ್ತದೆ: ಹಾಲು ಕುಡಿಯುವ ಲೋಟ ಯಾವುದು, ಸ್ನಾನಕ್ಕೆ ಮೊದಲು ಯಾರು, ಅನ್ನದ ಮೇಲೆ ತುಪ್ಪ ಎಷ್ಟು, ಹಠ ಮಾಡಿದರೆ ಯಾವ ಮೂಲೆ. ನನಗೆ ಇವು ಯಾವುವೂ ಗೊತ್ತಿರುವುದಿಲ್ಲ. ನಾನು ನೀಲಿ ಲೋಟದಲ್ಲಿ ಹಾಲು ಕೊಟ್ಟರೆ ಮಗನು ನನ್ನನ್ನು ಅನುಕಂಪದಿಂದ ನೋಡಿ, ಅಜ್ಜಿಯ ಕಡೆಗೆ ತಿರುಗಿ, ಇವಳಿಗೆ ತಿಳಿಯದು ಎಂಬಂತೆ ತಲೆಯಾಡಿಸುತ್ತಾನೆ. ನಾನು ಒಂದು ಸಲ ಬೇಡವೆಂದುದನ್ನು ಅಜ್ಜಿ ಬೇಕೆಂದರೆ ಬೇಕೆಂದೇ ಆಗುತ್ತದೆ. ಈ ಪರಿಸ್ಥಿತಿಯಲ್ಲಿ ಅಧಿಕಾರವನ್ನು ಸ್ಥಾಪಿಸಹೊರಡುವುದು ಮೂರ್ಖತನ. ಪಾನಿಪೂರಿ ಕೊಡಿಸುವುದು ವಿವೇಕ. ಬಂಗಾರಪೇಟೆಯ ಪಾನಿಪೂರಿಯ ಪಾನಿ ಬಣ್ಣವಿಲ್ಲದ ತಿಳಿನೀರಿನಂತೆ ಕಾಣುತ್ತದೆ. ಹಸಿರು ಪಾನಿಯನ್ನೇ ಕಂಡ ಊರಿನವರು ಇದರಲ್ಲೇನಿದೆ ಎಂದು ಬಾಯಿಗಿಟ್ಟು, ಮರುಕ್ಷಣದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮಗಳಿಗೆ ಖಾರವಿಲ್ಲದ್ದು, ಮಗನಿಗೆ ಬರಿಯ ಪೂರಿ, ಅತ್ತೆಯವರಿಗೆ ಪೊಟ್ಟಣ ಕಟ್ಟಿಸಿ ಮನೆಗೆ. ಕೆಲವು ಭಾನುವಾರ ಬೇತಮಂಗಲದ ಕೆರೆಯ ತನಕ ಹೋಗುತ್ತೇವೆ. ಗಣಿಯ ಊರುಗಳಿಗೆ ನೀರುಣಿಸಿದ ಪಾಲಾರಿನ ನೀರು ಅದು. ದಾರಿಯಲ್ಲಿ ಗಣಿಯ ಬೂದುಬಣ್ಣದ ಸೈನೈಡ್ ದಿಬ್ಬಗಳನ್ನು ಕಂಡು ಮಗನು "ಮರಳು!" ಎಂದು ಕುಣಿಯುತ್ತಾನೆ, ಇಳಿಸೆಂದು ಹಟ ಹಿಡಿಯುತ್ತಾನೆ. ಆಡತಕ್ಕ ಮರಳಲ್ಲವೆಂದು ಅವನಿಗೆ ಹೇಳುವುದು ಅತ್ತೆಯವರ ಕೆಲಸ. ಗಾಳಿಗೆ ಆ ಧೂಳು ಎದ್ದಾಗ ಮಕ್ಕಳ ಮೂಗಿಗೆ ಸೆರಗು ಮುಚ್ಚಿ ಬೆಳೆಸಿದವರು ಅವರು.

ಸಂಜೆ ಐದರ ಮೇಲೆ ಫೈಲುಗಳ ಚೀಲ ಬಿಚ್ಚಬೇಕಾಗುತ್ತದೆ. ಮಗಳು ಎದುರಿಗೆ ಕುಳಿತು ತನ್ನ ನೋಟ್‌ಪುಸ್ತಕ ತೆರೆಯುತ್ತಾಳೆ. ನಾನು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರೆ ಅವಳೂ ಎಳೆಯುತ್ತಾಳೆ. ಅದು ನಮ್ಮಿಬ್ಬರಿಗೂ ಪ್ರಿಯವಾದ ಹೊತ್ತು.

ಎಲ್ಲವೂ ಇಷ್ಟು ಸಮಾಧಾನವಾಗಿಯೇ ನಡೆಯುತ್ತದೆಂದು ಭಾವಿಸಬಾರದು. ಮಗನಿಗೆ ಜ್ವರ ಬಂದಿದ್ದ ಒಂದು ಸಂಜೆ ಒಬ್ಬ ದೊಡ್ಡ ಕಕ್ಷಿಗಾರರು ಬರುತ್ತಾರೆಂದು ಚೇಂಬರಿನಲ್ಲಿ ನಿಲ್ಲಿಸಿಕೊಂಡರು. ಅವರು ಬಂದದ್ದು ರೈಲು ಹೋದ ಮೇಲೆ, ಹೇಳಿದ್ದು ಮಾರನೆಯ ದಿನ ಹೇಳಬಹುದಾಗಿದ್ದ ಮಾತು. ಬಸ್ಸುಗಳನ್ನು ಬದಲಾಯಿಸಿ ನಾನು ಮನೆ ಸೇರಿದಾಗ ಜ್ವರ ಇಳಿದಿತ್ತು, ಮಗು ಮಲಗಿತ್ತು, ಪಾಟಿ ಗೋಡೆಗೊರಗಿ ಕುಳಿತಿದ್ದರು, ಅತ್ತೆಯವರು ಒದ್ದೆ ಬಟ್ಟೆ ಹಿಂಡುತ್ತಿದ್ದರು. "ಊಟ ಮಾಡಮ್ಮ, ಆರಿಹೋಗುತ್ತೆ" ಎಂದಷ್ಟೇ ಹೇಳಿದರು. ಒಬ್ಬಳ ಹೊಸ ವೃತ್ತಿಗಾಗಿ ಆ ರಾತ್ರಿ ಎಚ್ಚರವಾಗಿದ್ದವರು ಎಪ್ಪತ್ತು ಸಮೀಪಿಸಿದ ಇಬ್ಬರು. ವಕಾಲತ್ತು ನಾಮೆಯ ಮೇಲೆ ಇದ್ದುದು ನನ್ನೊಬ್ಬಳ ರುಜು.

ನೂರಿಪ್ಪತ್ತು ವರ್ಷಗಳಲ್ಲಿ ಈ ಗಣಿಗಳಿಂದ ತೆಗೆದ ಚಿನ್ನ ಸುಮಾರು 800 ಟನ್ನುಗಳೆಂದು ಲೆಕ್ಕವಿದೆ. ಬೇವಿನ ಮರದಡಿ ಮಕ್ಕಳನ್ನು ಸುಮ್ಮನಿರಿಸುತ್ತ ಕುಳಿತವರ ಹೊತ್ತಿಗೆ ಕಂಪನಿಯ ಪುಸ್ತಕದಲ್ಲಿ ಕಲಮೇ ಇರಲಿಲ್ಲ. ಆ ಕಲಮು ಈಗಲೂ ಯಾರ ಪುಸ್ತಕದಲ್ಲಿಯೂ ಬಂದಿಲ್ಲ. ಯಶಸ್ವಿಯಾದ ಯಾವನೇ ಆಗಲಿ, ಯಾವಳೇ ಆಗಲಿ, ಸ್ವಪ್ರಯತ್ನದಿಂದ ಮೇಲೆ ಬಂದೆನೆಂದು ಸನ್ಮಾನಸಭೆಯಲ್ಲಿ ಹೇಳಿದಾಗ, ಅವರ ಮನೆಯ ಅಡಿಗೆಮನೆಯಲ್ಲಿ ಆ ಹೊತ್ತಿಗೆ ಯಾರಿದ್ದಾರೆಂದು ವಿಚಾರಿಸುವ ಚಪಲ ನನಗೆ ಉಂಟಾಗುತ್ತದೆ. ಅತ್ತೆಯವರಿಗೆ ನಾನು ಋಣಿ ಎಂದರೆ ಅವರು ನಗುತ್ತಾರೆ; ಆದರೆ ಮಂಡಿನೋವಿಗೆ ನಗುವುದು ಔಷಧವಲ್ಲ. ಅವರ ದುಡಿಮೆಯನ್ನು ಹಗುರಮಾಡುವ ಉಪಾಯಗಳು ಕೆಲವು ಸರ್ಕಾರದ ಕೈಯಲ್ಲಿವೆ: ಸರಿಯಾದ ಹೊತ್ತಿಗೆ ಇನ್ನೂ ಒಂದೆರಡು ರೈಲು, ಗಣಿ ಮುಚ್ಚಿದ ಊರಿನಲ್ಲಿಯೇ ನಾಲ್ಕು ಹೊಸ ಉದ್ಯೋಗ, ನ್ಯಾಯಾಲಯಗಳ ಆವರಣಗಳಲ್ಲಿ ಮಕ್ಕಳನ್ನು ಬಿಡಲು ನಂಬಿಕೆಯ ಒಂದು ಸ್ಥಳ. ಇವಕ್ಕೆಲ್ಲ ಅರ್ಜಿ ಹಾಕಬೇಕು, ಕಾಯಬೇಕು. ಕಾಯುವುದು ನಮಗೆ ಅಭ್ಯಾಸವಿದೆ.

ಅರ್ಜಿಯಿಲ್ಲದೆ ಆಗತಕ್ಕದ್ದು ಒಂದುಂಟು. ಚೇಂಬರುಗಳ ಸೀನಿಯರುಗಳಲ್ಲಿಯೂ, ಕಚೇರಿಗಳ ಯಜಮಾನರಲ್ಲಿಯೂ ನನ್ನ ವಿನಯಪೂರ್ವಕವಾದ ಬಿನ್ನಹ ಇಷ್ಟು: ಸಂಜೆ ಆರರ ಮೇಲೆ ಕಿರಿಯರೊಬ್ಬರನ್ನು ಕರೆದು ಹೊಸ ಫೈಲನ್ನು ಕೈಗಿಡುವ ಮೊದಲು, ಅವರ ಊರು ಯಾವುದು, ಊರಿಗೆ ರೈಲು ಎಷ್ಟು ಹೊತ್ತಿಗೆ, ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಒಮ್ಮೆ ವಿಚಾರಿಸಿರಿ, ನಾಳೆ ಓದಬಹುದಾದ ಫೈಲನ್ನು ನಾಳೆಯೇ ಕೊಡಿರಿ.